ಕೈಗಾ ತನಿಖೆಗೆ ತಜ್ಞರನ್ನು ಯಾರು ಕರೆಯುತ್ತಾರೆ? ಸಂಸದ ಕಾಗೇರಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ,
ಸಂಸದರು, ಉತ್ತರ ಕನ್ನಡ ಲೋಕಸಭಾ ಕ್ಷೇತ್ರ

ನಮಸ್ಕಾರ ಸರ್.

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಈಗಿರುವ ನಾಲ್ಕು ಘಟಕಗಳು ತಲಾ 220 ಮೆಗಾವಾಟ್‌ನವು. ಬರಲಿರುವ 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟ್. ಇದರ ಜೊತೆಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ ಮಸೂದೆಯನ್ನು ಪಾಸು ಮಾಡಿತು. ಅಣು ವಿದ್ಯುತ್ ಉತ್ಪಾದನೆಗೆ ಖಾಸಗಿ ಕಂಪನಿಗಳೂ ಬರಬಹುದು ಎಂದಾಯಿತು. ಸ್ಥಾವರ ಬೇಕೋ ಬೇಡವೋ ಎಂಬ ಹಳೆಯ ಜಗಳವನ್ನು ಈ ಪತ್ರದಲ್ಲಿ ಎತ್ತುವುದಿಲ್ಲ. ನಾನು ಕೇಳುವುದು ಬೇರೆ. ನಾಳೆ ಅಲ್ಲಿ ದೊಡ್ಡ ಅಪಘಾತವೊಂದು ಆದರೆ, ತನಿಖೆಗೆ ತಜ್ಞರನ್ನು ಯಾರು ಕರೆಯುತ್ತಾರೆ? ಅವರಿಗೆ ಹಣ ಯಾರು ಕೊಡುತ್ತಾರೆ? ಅವರು ವರದಿಯನ್ನು ಯಾರ ಕೈಗೆ ಕೊಡುತ್ತಾರೆ?

ನಿಮ್ಮನ್ನೇ ಕೇಳಲು ಕಾರಣವಿದೆ. ಕೈಗಾ ನಿಮ್ಮ ಕ್ಷೇತ್ರದಲ್ಲಿದೆ ಅನ್ನುವುದು ಒಂದು. 2019ರಿಂದ 2023ರವರೆಗೆ ನೀವು ನಮ್ಮ ವಿಧಾನಸಭೆಯ ಸ್ಪೀಕರ್ ಆಗಿದ್ದಿರಿ ಅನ್ನುವುದು ಇನ್ನೊಂದು. ಸದನ ಮನಸ್ಸು ಮಾಡಿದರೆ ಏನೆಲ್ಲ ಮಾಡಬಹುದು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಪಾನಿನ ಸದನ ಒಮ್ಮೆ ಹಾಗೆ ಮನಸ್ಸು ಮಾಡಿತ್ತು.

2011ರ ಮಾರ್ಚ್ 11ರಂದು ಭೂಕಂಪ, ಅದರ ಹಿಂದೆಯೇ ಸುನಾಮಿ ಬಂದು ಫುಕುಶಿಮಾ ದಾಯಿಚಿ ಅಣು ಸ್ಥಾವರದ ಮೂರು ರಿಯಾಕ್ಟರುಗಳ ಇಂಧನ ಕರಗಿತು. ಆಮೇಲೆ ಒಂದಲ್ಲ, ಹಲವು ತನಿಖೆಗಳು ನಡೆದವು. ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿ ತಾನೇ ಒಂದು ಮಾಡಿತು. ಸರ್ಕಾರ ಇನ್ನೊಂದು ಸಮಿತಿ ಮಾಡಿತು. ಇಷ್ಟು ಸಾಲದು ಎಂದು ಅಲ್ಲಿನ ಸಂಸತ್ತು, ಅಂದರೆ ಡಯಟ್, ಇದಕ್ಕೆಂದೇ ಒಂದು ಕಾನೂನು ಮಾಡಿ 2011ರ ಡಿಸೆಂಬರ್‌ನಲ್ಲಿ ತನ್ನದೇ ಆಯೋಗವನ್ನು ನೇಮಿಸಿತು. ಸರ್ಕಾರಕ್ಕೂ ಕಂಪನಿಗೂ ಸೇರದ ಇಂಥ ಆಯೋಗ ಜಪಾನಿನ ಸಾಂವಿಧಾನಿಕ ಇತಿಹಾಸದಲ್ಲೇ ಮೊದಲನೆಯದು.

ಅದರಲ್ಲಿ ಯಾರಿದ್ದರು ಎಂದು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಅಧ್ಯಕ್ಷರು ಕಿಯೋಶಿ ಕುರೋಕಾವಾ. ಅವರು ವೈದ್ಯರು, ಅಣು ಎಂಜಿನಿಯರ್ ಅಲ್ಲ. ಜೊತೆಗೆ ಭೂಕಂಪ ವಿಜ್ಞಾನಿ ಕಾತ್ಸುಹಿಕೊ ಇಶಿಬಾಶಿ, ರಸಾಯನಶಾಸ್ತ್ರದಲ್ಲಿ ನೊಬೆಲ್ ಪಡೆದ ಕೊಯಿಚಿ ತನಾಕಾ, ಕಾನೂನು ಬಲ್ಲವರು, ಒಬ್ಬ ಮಾಜಿ ರಾಯಭಾರಿ. ಸ್ಥಾವರದ ಪಕ್ಕದ ಒಕುಮಾ ಊರಿನ ವ್ಯಾಪಾರಿಗಳ ಸಂಘದ ರೆಯ್ಕೊ ಹಾಚಿಸುಕಾ ಕೂಡ ಸದಸ್ಯೆ. ಮನೆ ಬಿಟ್ಟು ಹೊರಡಬೇಕಾದವರ ಪೈಕಿ ಒಬ್ಬರು ತನಿಖೆಯ ಮೇಜಿನ ಈಚೆಗೆ ಕೂತಿದ್ದರು! ಇನ್ನೊಬ್ಬರು ಮಿತ್ಸುಹಿಕೊ ತನಾಕಾ. ಹಿಂದೆ ಅದೇ ಫುಕುಶಿಮಾದ 4ನೇ ಘಟಕದ ರಿಯಾಕ್ಟರ್ ಪಾತ್ರೆಯ ವಿನ್ಯಾಸದಲ್ಲಿ ಕೆಲಸ ಮಾಡಿ, ಆಮೇಲೆ ಉದ್ಯಮ ಬಿಟ್ಟು ವಿಜ್ಞಾನ ಬರಹಗಾರರಾದವರು. ಒಳಗಿನದೆಲ್ಲ ಗೊತ್ತು, ಆದರೆ ಒಳಗಿನವರ ಹಂಗಿಲ್ಲ. ತನಿಖೆಗೆ ಇಂಥವರು ಸಿಕ್ಕಿದರೆ ಅದು ಪುಣ್ಯ.

ಆರೇಳು ತಿಂಗಳಲ್ಲಿ ಆಯೋಗ 1,167 ಜನರನ್ನು ಮಾತನಾಡಿಸಿತು. ವಿಚಾರಣೆಯೇ 900 ಗಂಟೆ ಮೀರಿತು. ಅಪಘಾತದ ವೇಳೆ ಪ್ರಧಾನಿಯಾಗಿದ್ದ ನಾವೊತೊ ಕಾನ್ ಅವರನ್ನೂ ಟೆಪ್ಕೊ ಮುಖ್ಯಸ್ಥರನ್ನೂ ಎಲ್ಲರೆದುರು ಕೂರಿಸಿ ಪ್ರಶ್ನೆ ಕೇಳಿದರು. ಬಹುತೇಕ ಎಲ್ಲ ಸಭೆಗಳನ್ನೂ ಇಂಟರ್‌ನೆಟ್‌ನಲ್ಲಿ ನೇರವಾಗಿ ತೋರಿಸಿದರು. 2012ರ ಜುಲೈ 5ರಂದು ವರದಿ ಎರಡೂ ಸದನಗಳಿಗೆ ಹೋಯಿತು. ಇದು ಮನುಷ್ಯರೇ ಮಾಡಿಕೊಂಡ ದುರಂತ, ನಿಯಂತ್ರಿಸಬೇಕಾದವರು ಕಂಪನಿಯ ಜೊತೆಗೇ ಸೇರಿಹೋಗಿದ್ದರು ಎಂದು ಅದು ಮುಚ್ಚುಮರೆ ಇಲ್ಲದೆ ಹೇಳಿತು. (ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಕುರೋಕಾವಾ ಅವರು ಜಪಾನೀಯರ ಸ್ವಭಾವದ ಮೇಲೂ ಒಂದಿಷ್ಟು ತಪ್ಪು ಹೊರಿಸಿದರು. ಅದು ನನಗೆ ಹಿಡಿಸಲಿಲ್ಲ. ಎಲ್ಲರ ಸ್ವಭಾವವೂ ಕಾರಣ ಅಂದರೆ ಯಾರೂ ಕಾರಣ ಅಲ್ಲ ಅಂದ ಹಾಗಾಯಿತು, ಅಲ್ವಾ?)

ಆದರೂ ಆ ಆಯೋಗಕ್ಕೆ ಒಂದು ಕಡೆ ಪೆಟ್ಟು ಬಿತ್ತು. ನಮಗೆ ಪಾಠ ಇರುವುದು ಅಲ್ಲಿಯೇ. ಎಲ್ಲ ಹಾನಿಯೂ ಸುನಾಮಿಯಿಂದ ಎಂದು ಟೆಪ್ಕೊ ಹೇಳುತ್ತಿತ್ತು. ಸುನಾಮಿ ಬರುವ ಮೊದಲೇ ಭೂಕಂಪದಿಂದ 1ನೇ ಘಟಕದ ತಂಪುಮಾಡುವ ಉಪಕರಣಕ್ಕೆ ಏಟಾಗಿರಬಹುದೇ ಎಂಬ ಅನುಮಾನ ಆಯೋಗದ್ದು. ಅದನ್ನು ನೋಡಲು ಆ ಕಟ್ಟಡದ 4ನೇ ಮಹಡಿಗೆ ಹೋಗಬೇಕಿತ್ತು. ಒಳಗೆ ಕತ್ತಲೆ, ಅಪಾಯ ಎಂದು ಕಂಪನಿ ವಿವರಿಸಿತು. ಆಯೋಗ ಭೇಟಿ ಕೈಬಿಟ್ಟಿತು. ಒಳಗೆ ಬೆಳಕು ಬರುತ್ತಿತ್ತು, ದೀಪವೂ ಇತ್ತು, ಕಂಪನಿಯ ವಿವರಣೆ ತಪ್ಪಾಗಿತ್ತು ಎಂದು 2013ರ ಫೆಬ್ರವರಿಯಲ್ಲಿ ಹೊರಬಿತ್ತು. ಅಷ್ಟರಲ್ಲಿ ವರದಿ ಕೊಟ್ಟು ಆಯೋಗವೇ ಮುಗಿದುಹೋಗಿತ್ತು. ಬೇಕೆಂದೇ ಸುಳ್ಳು ಹೇಳಿದ್ದಲ್ಲ ಎಂದು ಟೆಪ್ಕೊ ನೇಮಿಸಿದ ಇನ್ನೊಂದು ಸಮಿತಿ ಆಮೇಲೆ ಹೇಳಿತು. ಇರಬಹುದು. ಆದರೆ ಯಾವ ಬಾಗಿಲು ತೆರೆಯಬೇಕು, ಯಾವುದು ಬೇಡ ಎಂದು ತನಿಖೆಗೆ ಒಳಗಾದ ಕಂಪನಿಯ ಮಾತಿನ ಮೇಲೆಯೇ ತೀರ್ಮಾನವಾದರೆ, ನೊಬೆಲ್ ಪಡೆದವರು ಬಂದರೂ ಹೊರಗೇ ನಿಲ್ಲಬೇಕಾಗುತ್ತದೆ.

ಅಮೆರಿಕದಲ್ಲಿ 1979ರ ಮಾರ್ಚ್ 28ರಂದು ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಅಪಘಾತವಾಯಿತು. ಎರಡು ವಾರದಲ್ಲಿ ಅಧ್ಯಕ್ಷ ಕಾರ್ಟರ್ 12 ಜನರ ಆಯೋಗ ಮಾಡಿದರು. ಅದರ ಮುಖ್ಯಸ್ಥ ಜಾನ್ ಕೆಮೆನಿ ಗಣಿತಜ್ಞ. ಸ್ಥಾವರದ ಬಳಿಯ ಊರಿನ ಒಬ್ಬ ಗೃಹಿಣಿಯೂ ಸದಸ್ಯೆ. ಜನರನ್ನು ಕರೆಸುವ, ಕಡತ ತರಿಸುವ ಅಧಿಕಾರವನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಆ ಆಯೋಗಕ್ಕೆ ಕೊಟ್ಟಿತು. ಆ ದಿನ ಮುಚ್ಚಬೇಕಿದ್ದ ಒಂದು ಕವಾಟ ತೆರೆದೇ ಉಳಿದಿತ್ತು. ಅಂಥದೇ ಕವಾಟ 1977ರಲ್ಲಿ ಒಹಾಯೊದ ಡೇವಿಸ್-ಬೆಸ್ಸಿ ಸ್ಥಾವರದಲ್ಲೂ ಹೀಗೆಯೇ ಸಿಕ್ಕಿಕೊಂಡಿತ್ತು. ರಿಯಾಕ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರೇ ಒಳಗೊಳಗೆ ಎಚ್ಚರಿಕೆ ಬರೆದಿದ್ದರು. ಆ ಎಚ್ಚರಿಕೆ ಕೆಲಸಗಾರರವರೆಗೆ ಬರಲೇ ಇಲ್ಲ. ಹೊರಗಿನವರು ಕೂತು ಕಡತ ತೆಗೆಸಿದಾಗ ಇದೆಲ್ಲ ಬಯಲಾಯಿತು. ಅದೇ ಹೊತ್ತಿಗೆ ಅಲ್ಲಿನ ಅಣು ನಿಯಂತ್ರಣ ಆಯೋಗ ತನ್ನ ಪಾಲಿನ ತನಿಖೆಯನ್ನು ನಡೆಸಲು ಹೊರಗಿನ ವಕೀಲರ ಸಂಸ್ಥೆಯೊಂದನ್ನು ನೇಮಿಸಿತು. ಮಿಚೆಲ್ ರೊಗೋವಿನ್ ಎಂಬ ವಕೀಲರ ನೇತೃತ್ವ. ಹಣ ಕೊಟ್ಟ ಆಯೋಗದ ತಪ್ಪುಗಳನ್ನೂ ಅವರು ಬಿಡಲಿಲ್ಲ.

ಇದಕ್ಕೆ ತದ್ವಿರುದ್ಧ ಚೆರ್ನೋಬಿಲ್. 1986ರ ಆಗಸ್ಟ್‌ನಲ್ಲಿ ಸೋವಿಯತ್ ನಿಯೋಗ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಹೋಗಿ, ತಪ್ಪೆಲ್ಲ ಹೆಚ್ಚುಕಡಿಮೆ ಕಂಟ್ರೋಲ್ ರೂಮಿನವರದು ಎಂದಿತು. ಜಗತ್ತೂ ಒಪ್ಪಿತು. ರಿಯಾಕ್ಟರ್ ನಿಲ್ಲಿಸಲೆಂದು ಇಳಿಸುವ ಸರಳುಗಳೇ ಮೊದಲ ಕೆಲವು ಕ್ಷಣ ಅದರ ಶಕ್ತಿಯನ್ನು ಏರಿಸಬಲ್ಲವು ಎಂಬ ವಿನ್ಯಾಸದ ದೋಷ 1983ರಲ್ಲೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಕಂಡಿತ್ತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರ ಗುಂಪು ತನ್ನ ಮೊದಲ ವರದಿಯನ್ನು ತಿದ್ದಿ ಈ ದೋಷಕ್ಕೆ ತಕ್ಕ ತೂಕ ಕೊಟ್ಟದ್ದು 1992ರಲ್ಲಿ. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡರೆ ಹೀಗೆ ಆಗುತ್ತದೆ.

ಈಗ ನಮ್ಮ ಮನೆಗೆ ಬರೋಣ. 1994ರ ಮೇ 13ರಂದು ಕೈಗಾದಲ್ಲಿ ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಒಳಭಾಗ ಕಳಚಿ, ಸುಮಾರು 130 ಟನ್ ಕಾಂಕ್ರೀಟ್ ಕೆಳಗೆ ಬಿತ್ತು. ಕೆಲಸಗಾರರು ಗಾಯಗೊಂಡರು. ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಗುಮ್ಮಟ ಅದು. ಸ್ಥಾವರಗಳ ಸುರಕ್ಷತೆ ನೋಡುವ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಆಗ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಮಂಡಳಿಯ ಪರಿಶೀಲನಾ ಸಮಿತಿಗಳಲ್ಲಿ ಶೇ 95ರಷ್ಟು ಜನ ಅಣುಶಕ್ತಿ ಇಲಾಖೆಯ ಸಂಬಳದವರೇ ಎಂದು ಅವರು ನಿವೃತ್ತರಾದ ಮೇಲೆ ಬರೆದರು. ಮುಂದೆ 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣ ಸೂಸುವ ಟ್ರೀಶಿಯಂ ಸೇರಿದ, ರಿಯಾಕ್ಟರಿನ ಭಾರಜಲ ಬೆರೆತು 50ಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿತು. ಮೂತ್ರ ಪರೀಕ್ಷೆಯಲ್ಲಿ ಅದು ಗೊತ್ತಾಯಿತು. ಒಳಗಿನವರೇ ಯಾರೋ ಬೇಕೆಂದು ಮಾಡಿದ್ದು ಎಂದು ಅಣುಶಕ್ತಿ ಇಲಾಖೆಯ ದೊಡ್ಡವರೇ ಆಗ ಹೇಳಿದರು.

ನಿಯಂತ್ರಣ ಮಂಡಳಿಗೆ ಸ್ವಂತ ಕಾಲಿಲ್ಲ ಎಂದು 2012ರಲ್ಲಿ ಸಿಎಜಿ ಹೇಳಿತು. 2013ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಅದನ್ನೇ ಹೇಳಿತು. ಆ ಸಮಿತಿಯ ಅಧ್ಯಕ್ಷರು ನಿಮ್ಮದೇ ಪಕ್ಷದ ಹಿರಿಯರಾದ ಮುರಳಿ ಮನೋಹರ ಜೋಶಿ. ಹೊಸ ಕಾಯ್ದೆಯಲ್ಲಿ ಮಂಡಳಿಗೆ ಶಾಸನದ ಬಲ ಸಿಕ್ಕಿದೆ. ಒಳ್ಳೆಯದೇ. ಆದರೆ ದೊಡ್ಡ ಅಪಘಾತದಲ್ಲಿ ಮಂಡಳಿಯ ಕೆಲಸವೂ ತನಿಖೆಗೆ ಒಳಗಾಗಬೇಕು. ಪರವಾನಗಿ ಕೊಟ್ಟವರೇ ತನಿಖೆಗೆ ಕೂರುವುದು ಸರಿಯಲ್ಲ. ಇದನ್ನು ನಾವು ವಿದೇಶದಿಂದ ಕಲಿಯಬೇಕಾಗಿಯೂ ಇಲ್ಲ. ರೈಲು ಅಪಘಾತ ಆದಾಗ ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ. ಅವರು ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ರೈಲಿಗೆ ಇರುವ ಎಚ್ಚರ ರಿಯಾಕ್ಟರಿಗೆ ಬೇಡವೇ?

ಒಂದು ಕಷ್ಟ ನಿಜವಾಗಿಯೂ ಇದೆ. ನಮ್ಮಲ್ಲಿ ಕೈಗಾದಲ್ಲಿರುವಂಥ ಭಾರಜಲ ರಿಯಾಕ್ಟರ್ ಬಲ್ಲವರು ಬಹುಪಾಲು ಅಣುಶಕ್ತಿ ಇಲಾಖೆಯಲ್ಲೋ ಅಣು ವಿದ್ಯುತ್ ನಿಗಮದಲ್ಲೋ ಇದ್ದಾರೆ, ಇಲ್ಲವೇ ಅಲ್ಲಿಂದ ನಿವೃತ್ತರಾದವರು. ಹೊರಗಿನ ತಜ್ಞರು ಎಲ್ಲಿದ್ದಾರೆ ಎಂದು ಅಧಿಕಾರಿಗಳು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಇದ್ದಾರೆ ಸರ್. ಕೈಗಾದ ರಿಯಾಕ್ಟರುಗಳು ಹುಟ್ಟಿದ್ದು ಕೆನಡಾದ ಮಾದರಿಯಿಂದ. ಅದೇ ಜಾತಿಯವು ಕೆನಡಾ, ದಕ್ಷಿಣ ಕೊರಿಯಾ, ರೊಮೇನಿಯಾ, ಅರ್ಜೆಂಟೀನಾಗಳಲ್ಲಿವೆ. ಅವನ್ನು ಬಲ್ಲವರನ್ನು ಸಲಹೆಗಾರರಾಗಿ ಕರೆಯಬಹುದು. ಜೊತೆಗೆ ಅಪಘಾತ ಎಂದರೆ ಬರೀ ರಿಯಾಕ್ಟರ್ ಭೌತಶಾಸ್ತ್ರವಲ್ಲ. ಕೈಗಾದಲ್ಲಿ ಬಿದ್ದದ್ದು ಕಾಂಕ್ರೀಟ್. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲಿ ಮುರಿದದ್ದು ಟರ್ಬೈನಿನ ಬ್ಲೇಡ್, ಆಮೇಲೆ ಹೈಡ್ರೋಜನ್ ಸೋರಿ ಬೆಂಕಿ, ಆಮೇಲೆ ಇಡೀ ಸ್ಥಾವರಕ್ಕೇ ಕರೆಂಟಿಲ್ಲ. ಕಾಂಕ್ರೀಟು, ಲೋಹ, ಬೆಂಕಿ, ಅಣೆಕಟ್ಟಿನ ನೀರು, ಇವನ್ನು ಬಲ್ಲವರು ಬೆಂಗಳೂರಿನ ಐಐಎಸ್ಸಿಯಲ್ಲಿ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ, ಐಐಟಿಗಳಲ್ಲಿ ಸಿಗುತ್ತಾರೆ. ನಿವೃತ್ತರನ್ನೂ ದೂರ ಇಡಬೇಕಾಗಿಲ್ಲ. ಮಿತ್ಸುಹಿಕೊ ತನಾಕಾ ಅಂಥವರು ನಮ್ಮಲ್ಲೂ ಇರಬಹುದು. ಆದರೆ ಯಾರು ಯಾರಿಂದ ಹಣ, ಯೋಜನೆ, ಸಲಹೆಗಾರಿಕೆ ಪಡೆದಿದ್ದಾರೆ ಎಂಬುದು ನೇಮಕಕ್ಕೆ ಮೊದಲೇ ಬರಹದಲ್ಲಿ ಬಂದು, ಜನರಿಗೂ ಕಾಣಬೇಕು.

ಇದೆಲ್ಲ ಅಪಘಾತ ಆದಮೇಲೆ ಮಾಡುವ ಕೆಲಸ ಅಲ್ಲ. ಆಗ ಗಾಬರಿ ಇರುತ್ತದೆ, ಸಿಕ್ಕಿದವರನ್ನು ಕರೆಯುತ್ತಾರೆ, ಸಿಗುವವರು ಇಲಾಖೆಯವರೇ ಆಗಿರುತ್ತಾರೆ. ಆದ್ದರಿಂದ ಈಗಲೇ ಕಾನೂನಿನಲ್ಲಿ ಬರೆದಿಡಬೇಕು. ದೊಡ್ಡ ಅಪಘಾತಕ್ಕೆ ಸಂಸತ್ತೇ ಆಯೋಗ ನೇಮಿಸಲಿ. ತಜ್ಞರ ಪಟ್ಟಿ ಮೊದಲೇ ಸಿದ್ಧವಿರಲಿ, ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಲಿ. ಸಲಹೆಗಾರರ ಜೊತೆ ಕರಾರು ಮಾಡಿಕೊಳ್ಳುವುದು, ಹಣ ಕೊಡುವುದು ಸಂಸತ್ತಿನ ಕಚೇರಿಯಿಂದ ಆಗಲಿ. ಕಂಟ್ರೋಲ್ ರೂಮಿನ ದಾಖಲೆಗಳ ಪ್ರತಿ ಕೂಡಲೇ ಆಯೋಗದ ವಶಕ್ಕೆ ಬರಲಿ. ವಿಕಿರಣದ ಅಪಾಯ ಎಷ್ಟು, ಯಾವ ಕೋಣೆಗೆ ಹೋಗಬಹುದು ಎಂದು ಅಳೆಯುವವರು ಆಯೋಗದವರೇ ಆಗಿರಲಿ. ಭದ್ರತೆಯ ಗುಟ್ಟುಗಳಿದ್ದರೆ ಆ ಭಾಗವನ್ನಷ್ಟೇ ಮುಚ್ಚಿದ ಬಾಗಿಲಲ್ಲಿ ಕೇಳಲಿ, ಉಳಿದ ವಿಚಾರಣೆ ಕಾರವಾರದಲ್ಲಿ, ಕನ್ನಡದಲ್ಲಿ, ಜನರೆದುರು ನಡೆಯಲಿ. ಕಾಳಿ ನದಿ ದಂಡೆಯ ಊರುಗಳ ಒಬ್ಬರಾದರೂ ಆಯೋಗದಲ್ಲಿ ಇರಲಿ. ಸುಮ್ನೆ ಸಾಕ್ಷಿ ಹೇಳಲು ಅಲ್ಲ, ಪ್ರಶ್ನೆ ಕೇಳಲು.

ಸಚಿವರಲ್ಲದ ಸಂಸದರು ತಾವೇ ತರುವ ಖಾಸಗಿ ಸದಸ್ಯರ ಮಸೂದೆ ಪಾಸಾಗುವುದು ಅಪರೂಪ ಎಂದು ನನಗೂ ಗೊತ್ತು. ಆದರೂ ಮಂಡಿಸಿ, ಕಡತದಲ್ಲಿ ಉಳಿಯಲಿ. ಅದಕ್ಕಿಂತ ಮೊದಲು ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ: ಕೈಗಾದಲ್ಲಿ ದೊಡ್ಡ ಅಪಘಾತ ಆದರೆ ಅಣುಶಕ್ತಿ ಇಲಾಖೆ, ವಿದ್ಯುತ್ ನಿಗಮ, ನಿಯಂತ್ರಣ ಮಂಡಳಿ ಈ ಮೂರಕ್ಕೂ ಸೇರದ ತಜ್ಞರನ್ನು ಯಾವ ಕಲಮಿನಡಿ, ಯಾರು, ಎಷ್ಟು ದಿನದೊಳಗೆ ನೇಮಿಸುತ್ತಾರೆ? ಉತ್ತರ ಬಂದಮೇಲೆ ಅದನ್ನು ಕನ್ನಡಕ್ಕೆ ಮಾಡಿಸಿ ಕದ್ರಾ ಮತ್ತು ಮಲ್ಲಾಪುರ ಪಂಚಾಯಿತಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ನಾವು ಓದಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ