ಕುಮಟಾ ಬಸ್ಸಿನಲ್ಲಿ ನೆರವಾದ ಅಕ್ಕನವರಿಗೆ

ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ತಾಯಿಯ ಪಕ್ಕ ಕುಳಿತಿದ್ದು, ಹೆಸರನ್ನೂ ಹೇಳದೆ ಕತಗಾಲದಲ್ಲಿ ಇಳಿದುಹೋದ ಅಕ್ಕನವರೇ, ತಮಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ಧನ್ಯವಾದಗಳು. ಮಳೆಗಾಲದುದ್ದಕ್ಕೂ ಅಮ್ಮನ ಮೈಮೇಲೆ ಕೆಂಪು ದದ್ದುಗಳು ಏಳುತ್ತಿದ್ದವು. ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಚರ್ಮ ಮೊದಲಿನಂತಾಗಿರುತ್ತಿದ್ದುದರಿಂದ ಅಮ್ಮನ ಮಾತನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಾವು ಮಾತ್ರ ಪೂರ್ತಿ ಕೇಳಿಸಿಕೊಂಡು, ಆಗಷ್ಟೇ ಮುಂಗೈಯಲ್ಲಿ ಎದ್ದಿದ್ದ ದದ್ದಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಗಂಟೆಯನ್ನೂ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆಸಿದಿರಿ. ಮರುದಿನ ಬೆಳಿಗ್ಗೆ ಗೆರೆ ಹಾಗೆಯೇ ಇತ್ತು, ಒಳಗಿನ ಕೆಂಪು ಇರಲಿಲ್ಲ. ಆ ಫೋಟೋಗಳನ್ನು ನೋಡಿದ ಚರ್ಮವೈದ್ಯರು, ಒಂದೊಂದು ದದ್ದೂ 24 ಗಂಟೆಯೊಳಗೆ ಕಲೆ ಉಳಿಸದೆ ಅಡಗುವುದು ಪಿತ್ತಗಂಧೆಯ ಲಕ್ಷಣವೆಂದೂ, 6 ವಾರ ಮೀರಿ ಮರುಕಳಿಸುವಾಗ ಬಹುಪಾಲು ಜನರಲ್ಲಿ ಹೊರಗಿನ ಕಾರಣ ಸಿಗುವುದಿಲ್ಲವೆಂದೂ ತಿಳಿಸಿ, ಹೆಚ್ಚು ನಿದ್ದೆ ತರಿಸದ ಆಂಟಿಹಿಸ್ಟಮಿನ್ ಮಾತ್ರೆ ಬರೆದುಕೊಟ್ಟರು. ಕಾರಣ ಹುಡುಕುವ ಭರದಲ್ಲಿ ಮೀನು, ಬದನೆ ಎಲ್ಲವನ್ನೂ ಬಿಟ್ಟು ಸೊರಗಿದ್ದ ಅಮ್ಮ ಈಗ ಮತ್ತೆ ಬಂಗುಡೆ ಸಾರು ಉಣ್ಣುತ್ತಿದ್ದಾರೆ. ನನಗಂತೂ ಇದೇ ಎಲ್ಲಕ್ಕಿಂತ ದೊಡ್ಡ ಸಮಾಧಾನ. ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕೆಂದು ತಾವು ಇಳಿಯುವ ಮುನ್ನ ಒತ್ತಿ ಹೇಳಿದ್ದನ್ನು ಮನೆಯವರೆಲ್ಲರೂ ನೆನಪಿಟ್ಟುಕೊಂಡಿದ್ದೇವೆ.