ಒಂದು ‘ಅಥವಾ’, ಒಂದು ಕ್ರಿಸ್‌ಮಸ್ ರಜೆ: ಕಾನೂನು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರಿಗೆ ನಮಸ್ಕಾರಗಳು.

ಬೆಂಗಳೂರು ಅಂತಾರಾಷ್ಟ್ರೀಯ ಆರ್ಬಿಟ್ರೇಷನ್‌ನ ಕೇಂದ್ರವಾಗಬೇಕು ಎಂಬ ಮಾತು ಸಮಾರಂಭಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಜಾಗಕ್ಕೆ ಕೊರತೆಯಿಲ್ಲ. ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಹೈಕೋರ್ಟಿನ ಆರ್ಬಿಟ್ರೇಷನ್ ಕೇಂದ್ರವಿದೆ. ಕೊರತೆ ಇರುವುದು ಪಳಗಿದ ಕೈಗಳಿಗೆ. ವಾಣಿಜ್ಯ ಕಾನೂನಿನಲ್ಲಿ ಎಲ್‌ಎಲ್‌.ಎಂ. ಮುಗಿಸುವ ನಮ್ಮ ವಿದ್ಯಾರ್ಥಿ ಒಂದು ಆರ್ಬಿಟ್ರೇಷನ್ ಷರತ್ತನ್ನೂ ಬರೆಯದೆ, ಒಂದು ಐತೀರ್ಪಿನ ಕರಡನ್ನೂ ಮಾಡದೆ ಪದವಿ ಪಡೆದು ಹೋಗಬಹುದು. ಈ ವಿಷಯವನ್ನು ಕಲಿಸುವ, ಇದರಲ್ಲೇ ವಕೀಲಿ ಮಾಡುವ ನಮ್ಮ ತಕರಾರು ಇದೊಂದೇ.

(ಆರ್ಬಿಟ್ರೇಷನ್ ಎಂದೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಪತ್ರಿಕೆಗಳು ಅದನ್ನೂ ಮೀಡಿಯೇಷನ್ನನ್ನೂ ‘ಮಧ್ಯಸ್ಥಿಕೆ’ ಎಂದೇ ಕರೆಯುತ್ತವೆ. ಮೊದಲನೆಯದರಲ್ಲಿ ಕೋರ್ಟಿನ ಹೊರಗೆ ಮೂರನೆಯವರು, ಅಂದರೆ ಆರ್ಬಿಟ್ರೇಟರ್, ತೀರ್ಪು ಕೊಡುತ್ತಾರೆ, ಆ ತೀರ್ಪೇ ಐತೀರ್ಪು. ಎರಡನೆಯದರಲ್ಲಿ ಕೊಡುವಂತಿಲ್ಲ. ‘ಐತೀರ್ಪು’ ಮಾತ್ರ ಕಾವೇರಿ, ಕೃಷ್ಣಾ ವ್ಯಾಜ್ಯಗಳ ದೆಸೆಯಿಂದ ಎಲ್ಲರಿಗೂ ಗೊತ್ತು.)

ಷರತ್ತು ಬರೆಯುವುದು ಗುಮಾಸ್ತರ ಕೆಲಸ ಎಂಬ ಭಾವನೆಯಿದೆ. ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ಮತ್ತು ಖಾಸಗಿ ಕಂಪನಿ ದೇವಾಸ್ ನಡುವಿನ, ನಮ್ಮೂರಿನದೇ ಒಪ್ಪಂದ ನೋಡಿ. 2005ರ ಆ ಒಪ್ಪಂದದ ಪ್ರಕಾರ ಆರ್ಬಿಟ್ರೇಷನ್ ನಡೆಯಬೇಕಾದ್ದು ನವದೆಹಲಿಯಲ್ಲಿ, ‘ಐಸಿಸಿ ಅಥವಾ ಅನ್‌ಸಿಟ್ರಾಲ್’ ನಿಯಮಗಳಂತೆ. (ಐಸಿಸಿ ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ, ಅನ್‌ಸಿಟ್ರಾಲ್ ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗ.) 2011ರಲ್ಲಿ ಒಪ್ಪಂದ ರದ್ದಾಯಿತು. ದೇವಾಸ್ ಐಸಿಸಿಗೆ ಹೋಯಿತು. ಆಂಟ್ರಿಕ್ಸ್ ಅದನ್ನೊಪ್ಪದೆ ಅನ್‌ಸಿಟ್ರಾಲ್ ದಾರಿ ಹಿಡಿದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಯಾವ ದಾರಿ ಎಂಬುದು ಅಲ್ಲಿ ತೀರ್ಮಾನವಾಗಲು 2013ರ ಮೇ ಬಂತು. 2015ರಲ್ಲಿ 56.25 ಕೋಟಿ ಡಾಲರಿನ ಐತೀರ್ಪು ಹೊರಬಿದ್ದಾಗ ಕೇಸು ನಮ್ಮ ಸಿಟಿ ಸಿವಿಲ್ ಕೋರ್ಟಿಗೆ ಸೇರಿದ್ದೋ ದೆಹಲಿ ಹೈಕೋರ್ಟಿಗೋ ಎಂಬ ಜಗ್ಗಾಟ ಬೇರೆ. ಒಪ್ಪಂದ ರದ್ದಾದದ್ದಕ್ಕೂ ಆಮೇಲಿನ ವಂಚನೆಯ ಆರೋಪಗಳಿಗೂ ‘ಅಥವಾ’ ಕಾರಣವಲ್ಲ, ನಿಜ. ಆದರೆ ಮೊದಲ ಎರಡು ವರ್ಷ ತಿಂದದ್ದು ಆ ಮೂರಕ್ಷರವಲ್ಲದೆ ಇನ್ನೇನು?

ಒಳ್ಳೆಯ ಷರತ್ತಿಗೆ ಬೇಕಾದ್ದು ಅರ್ಧ ಪುಟ. ಯಾವ ವ್ಯಾಜ್ಯಗಳು, ಯಾವ ಸಂಸ್ಥೆಯ ಯಾವ ನಿಯಮ, ಸೀಟ್ (ಯಾವ ಊರಿನ ಕೋರ್ಟಿಗೆ ಅಧಿಕಾರ ಎಂದು ಗೊತ್ತುಮಾಡುವ ಸ್ಥಳ) ಯಾವುದು, ಆರ್ಬಿಟ್ರೇಟರ್‌ಗಳು ಎಷ್ಟು ಮಂದಿ, ನೇಮಿಸುವವರು ಯಾರು, ಭಾಷೆ ಯಾವುದು, ಒಪ್ಪಂದಕ್ಕೆ ಯಾವ ದೇಶದ ಕಾನೂನು, ಆರ್ಬಿಟ್ರೇಷನ್ ಕರಾರಿಗೆ ಯಾವುದು. ಕೆಡುವುದೂ ಇಲ್ಲೇ. ‘ಸೀಟ್’ ಬರೆಯಬೇಕಾದಲ್ಲಿ ‘ವೆನ್ಯೂ’ (ಬರೀ ವಿಚಾರಣೆಗೆ ಕೂರುವ ಜಾಗ) ಎಂದು ಬರೆದರೆ ಯಾವ ಊರಿನ ಕೋರ್ಟು ಎಂಬುದೇ ಒಂದು ಹೊಸ ಕೇಸು. ಇಬ್ಬರು ಆರ್ಬಿಟ್ರೇಟರ್‌ಗಳು ಎಂದು ಬರೆದರೆ 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 10 ಅಡ್ಡಬರುತ್ತದೆ, ಸಮಸಂಖ್ಯೆ ಕೂಡದು. ‘ನಿಗಮದ ಎಂ.ಡಿ. ನೇಮಿಸಿದವರೇ ಏಕೈಕ ಆರ್ಬಿಟ್ರೇಟರ್’ ಎಂಬ ಹಳೇ ಟೆಂಡರ್ ಸಾಲು ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನ ಮುಂದೆ ನಿಲ್ಲುವುದಿಲ್ಲ: ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ. ಇನ್ನೊಂದು ಮಾಮೂಲಿ ಎಡವಟ್ಟು: ಪೀಣ್ಯದ ರಫ್ತುದಾರರು ಜರ್ಮನ್ ಗ್ರಾಹಕರ ಮಾತಿಗೆ ಒಪ್ಪಿ ‘ಜರ್ಮನ್ ಕಾನೂನು’ ಎಂದಷ್ಟೇ ಬರೆದುಕೊಳ್ಳುವುದು. ಸರಕು ಮಾರಾಟದ 1980ರ ವಿಯೆನ್ನಾ ಒಡಂಬಡಿಕೆಗೆ ಭಾರತ ಸೇರಿಲ್ಲ, ಜರ್ಮನಿ ಸೇರಿದೆ. ಬೇಡ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಜರ್ಮನ್ ಕಾನೂನಿನ ಭಾಗವಾಗಿ ಆ ಒಡಂಬಡಿಕೆಯೂ ಒಳಗೆ ಬಂದಂತೆ.

ಇನ್ನು ದಿನಗಳ ಲೆಕ್ಕ. ಐತೀರ್ಪನ್ನು ಪ್ರಶ್ನಿಸಲು ಸೆಕ್ಷನ್ 34 ಕೊಡುವುದು ಮೂರು ತಿಂಗಳು. ತಕ್ಕ ಕಾರಣವಿದ್ದರೆ ಇನ್ನೂ 30 ದಿನ, ಅದರಾಚೆ ಒಂದು ದಿನವೂ ಇಲ್ಲ. ವಿಜಯಪುರ ಜಿಲ್ಲೆಯ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಗೆ ಐತೀರ್ಪು ಬಂದದ್ದು 2016ರ ಆಗಸ್ಟ್ 24ಕ್ಕೆ. ನವೆಂಬರ್ 24ಕ್ಕೆ ಮೂರು ತಿಂಗಳು, ಡಿಸೆಂಬರ್ 24ಕ್ಕೆ ಹೆಚ್ಚುವರಿ 30 ದಿನವೂ ಮುಗಿದವು. ಆಗ ಕೋರ್ಟಿಗೆ ಕ್ರಿಸ್‌ಮಸ್ ರಜೆ. ಬಾಗಿಲು ತೆರೆದ ಜನವರಿ 2ರಂದೇ ಅರ್ಜಿ ಹಾಕಿದರು. 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ರಜೆಯ ರಿಯಾಯಿತಿ ಮೂರು ತಿಂಗಳ ಗಡುವಿಗೆ ಮಾತ್ರ, ಮೇಲಿನ 30 ದಿನಕ್ಕಿಲ್ಲ. ಇದನ್ನು ಉಪನ್ಯಾಸದಲ್ಲಿ ಕೇಳಿದವರು ಮರೆಯುತ್ತಾರೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿದವರು ಮರೆಯುವುದಿಲ್ಲ.

ಅರ್ಜಿ ಯಾವ ಕೋರ್ಟಿಗೆ ಎಂಬುದರಲ್ಲೂ ವಿದ್ಯಾರ್ಥಿಗಳು ಮುಗ್ಗರಿಸುತ್ತಾರೆ. ಕಕ್ಷಿದಾರರಲ್ಲಿ ಒಬ್ಬರಾದರೂ ವಿದೇಶಿಯರಾಗಿದ್ದರೆ ಹೈಕೋರ್ಟು. ಎರಡೂ ಭಾರತೀಯ ಕಂಪನಿಗಳಾದರೆ, ನಿಯಮ ಐಸಿಸಿಯದೇ ಆಗಿರಲಿ, ಬೆಂಗಳೂರಿನಲ್ಲಿ ವಾಣಿಜ್ಯ ನ್ಯಾಯಾಲಯ. ಐತೀರ್ಪಿನಲ್ಲಿ ಎದ್ದುಕಾಣುವ ಕಾನೂನು ದೋಷವಿದೆ ಎಂಬ ವಾದವೂ ಈ ಎರಡನೆಯ ಬಗೆಗಷ್ಟೇ ಲಭ್ಯ.

ನಾವು ಕೇಳುವುದು ಇಷ್ಟು. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಎಲ್‌ಎಲ್‌.ಎಂ.ನಲ್ಲಿ ಒಂದು ಪತ್ರಿಕೆಯ ಲಿಖಿತ ಪರೀಕ್ಷೆ ತೆಗೆದು ಆ ಜಾಗಕ್ಕೆ ಒಂದು ಕಡತ ಬರಲಿ. ಒಂದು ಕಾಲ್ಪನಿಕ ವ್ಯಾಜ್ಯ, ಅದರ ಷರತ್ತು, ನೋಟಿಸು, ಸೆಕ್ಷನ್ 9ರ ಮಧ್ಯಂತರ ಅರ್ಜಿ, ವಿಚಾರಣೆಯ ವೇಳಾಪಟ್ಟಿ, ಕೊನೆಗೆ ಕಾರಣಸಹಿತ ಐತೀರ್ಪು, ಎಲ್ಲವನ್ನೂ ವಿದ್ಯಾರ್ಥಿಯೇ ಬರೆಯಲಿ. ಇಪ್ಪತ್ತು ಮಂದಿಗಿಂತ ದೊಡ್ಡ ತರಗತಿಯಲ್ಲಿ ಇದು ಸಾಗದು. ಪ್ರತಿ ಕರಡನ್ನೂ ಯಾರಾದರೂ ಕೂತು ತಿದ್ದಬೇಕು, ಅದಕ್ಕೆ ವಕೀಲರಿಗೆ ಗೌರವಧನ ಬೇಕು. ಹೈಕೋರ್ಟಿನೊಂದಿಗೆ ಮಾತಾಡಿ ಖನಿಜ ಭವನದ ವಿಚಾರಣೆಗಳಲ್ಲಿ ವಿದ್ಯಾರ್ಥಿಗಳು ಟಿಪ್ಪಣಿ ಬರೆಯಲು ಕೂರುವಂತಾಗಲಿ. ಸೆಕ್ಷನ್ 42ಎ ಗೌಪ್ಯತೆ ವಿಧಿಸುವುದರಿಂದ ಎರಡೂ ಕಕ್ಷಿದಾರರ ಲಿಖಿತ ಒಪ್ಪಿಗೆ, ವಿದ್ಯಾರ್ಥಿಯಿಂದ ಮುಚ್ಚಳಿಕೆ ಮೊದಲೇ ಪಡೆಯಬೇಕು.

ಖರ್ಚಿಲ್ಲದ ಕೆಲಸವೂ ಒಂದಿದೆ. ರಾಜ್ಯದ ನಿಗಮ, ಮಂಡಳಿಗಳ ಅವಧಿ ಮುಗಿದ ಟೆಂಡರ್ ಒಪ್ಪಂದಗಳಲ್ಲಿ ವ್ಯಾಜ್ಯ ಪರಿಹಾರದ ಪುಟವಷ್ಟನ್ನೇ, ಹೆಸರು, ಮೊತ್ತ ಅಳಿಸಿ, ವಿಶ್ವವಿದ್ಯಾಲಯಕ್ಕೆ ಕಳಿಸುವಂತೆ ತಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಮುಂದಿನ ಸೆಮಿಸ್ಟರಿನ ಮೊದಲ ವಾರವೇ ಆ ಪುಟಗಳನ್ನು ತಿದ್ದಲು ಕೊಡುತ್ತೇವೆ. ತಿದ್ದಿದ ಪ್ರತಿಗಳು ತಮ್ಮ ಇಲಾಖೆಗೇ ವಾಪಸು ಬರುತ್ತವೆ.

ಇಂತಿ,
ಬೆಂಗಳೂರಿನ ಕೆಲವು ಕಾನೂನು ಅಧ್ಯಾಪಕರು ಮತ್ತು ವಕೀಲರು