ಟೇಪ್ ಸ್ವಿಚ್ ತೆಗೆದದ್ದರ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಗಿಡ್ಡ ರೈಫಲ್‌ಗೆ ನಾವು ಕೊಡುವ ಲೈಟ್ ಸೆಟ್‌ನಲ್ಲಿ ಇನ್ನು ಮುಂದೆ ವೈರ್ ಇರುವ ಟೇಪ್ ಸ್ವಿಚ್ (ರೈಫಲ್‌ಗೆ ಅಂಟಿಸಿ ಬೆರಳಿನಿಂದ ಒತ್ತುವ ಚಪ್ಪಟೆ ಸ್ವಿಚ್) ಬರುವುದಿಲ್ಲ. ಲೈಟಿನ ಹಿಂತುದಿಯಲ್ಲಿ ಒಂದು ಬಟನ್ ಇರುತ್ತದೆ, ಅಷ್ಟೇ. ಟೇಪ್ ಸ್ವಿಚ್ ಬೇಕೇ ಬೇಕು ಎನ್ನುವವರು ಅದನ್ನು ಬೇರೆಯಾಗಿ ಕೊಳ್ಳಬಹುದು. ಇಷ್ಟು ಸಣ್ಣ ಬದಲಾವಣೆಗೆ ಬಂದ ಪತ್ರಗಳನ್ನು ಓದಿದರೆ, ನಾವೇನೋ ಬ್ಯಾರೆಲ್ಲನ್ನೇ ಕಿತ್ತುಕೊಂಡೆವು ಅನ್ನಿಸುತ್ತದೆ.

ಎಲ್ಲರದ್ದೂ ಒಂದೇ ದೂರು: "ಸ್ವಿಚ್ ತೆಗೆದಿರಿ, ಬೆಲೆ ಯಾಕೆ ಇಳಿಸಲಿಲ್ಲ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಉಳಿದ ದುಡ್ಡು ನಮ್ಮ ಜೇಬು ಸೇರಿತು ಅನ್ನುವ ಮಾತು ಕೇಳಿ ಬೇಜಾರಾಯಿತು. ಮೊದಲು ಲೈಟನ್ನು ರೈಫಲ್‌ಗೆ ಹಿಡಿಸುವ ಕ್ಲಾಂಪ್ ನೀವೇ ಕೊಳ್ಳಬೇಕಿತ್ತು. ಈಗ ಡಬ್ಬಿಯಲ್ಲಿ ಎರಡು ಬರುತ್ತವೆ. ಲೈಟ್ ಕೂರಿಸಲು ಹಲ್ಲುಹಲ್ಲಾದ ಪಟ್ಟಿಯಂಥ ಪಿಕಟಿನಿ ರೈಲ್ 1995ರಿಂದ ಇದೆ, ಉದ್ದ ಸೀಳುಗಳಿರುವ ಎಂ-ಲಾಕ್ ಬಂದದ್ದು 2014ರಲ್ಲಿ. ನಿಮ್ಮಲ್ಲಿ ಕೆಲವರದ್ದು ಅದು, ಕೆಲವರದ್ದು ಇದು. ಹಾಗಾಗಿ ಎರಡನ್ನೂ ಕೊರೆಸಿ, ಬಣ್ಣ ಹಾಕಿಸಿ ಕೊಡುತ್ತಿದ್ದೇವೆ. ನಿಮ್ಮ ಕೆಲಸಕ್ಕೆ ಬರುವುದು ಒಂದೇ, ಇನ್ನೊಂದು ಡ್ರಾಯರ್‌ನಲ್ಲಿ ಬಿದ್ದಿರುತ್ತದೆ. ಅದರ ಖರ್ಚು ಮಾತ್ರ ನಮ್ಮ ಲೆಕ್ಕದಲ್ಲೇ ಇರುತ್ತದೆ, ಅಲ್ವಾ? ಬ್ಯಾಟರಿಯ ಎರಡೂ ತುದಿಗೆ ಸ್ಪ್ರಿಂಗ್ ಹಾಕಿದ್ದೇವೆ. ಗುಂಡು ಹಾರಿದ ಏಟಿಗೆ ಬ್ಯಾಟರಿ ಹಿಂದೆ ಮುಂದೆ ಜಾರಿ ಬೆಳಕು ಮಿಣುಕುತ್ತಿತ್ತಲ್ಲ, ಅದು ಇದರಿಂದ ತಪ್ಪುತ್ತದೆ. ಬ್ಯಾಟರಿ ಹಳೆಯದೇ, ಒಂದು 18650 (ಚಾರ್ಜ್ ಮಾಡುವ ಲಿಥಿಯಂ ಸೆಲ್).

ಇನ್ನು ಸ್ವಿಚ್ಚಿನ ವಿಷಯ. ರಿಪೇರಿಗೆ ಬರುವುದರಲ್ಲಿ ಲೈಟಿಗಿಂತ ವೈರೇ ಜಾಸ್ತಿ. ಪ್ಲಗ್ ಸೇರುವ ಜಾಗದಲ್ಲಿ ಮಡಚಿ ಮಡಚಿ ಒಳಗಿನ ಎಳೆ ತುಂಡಾಗಿರುತ್ತದೆ. ಬಿಸಿಗೂ ಎಣ್ಣೆಗೂ ಅಂಟು ಬಿಟ್ಟಿರುತ್ತದೆ. ಬ್ಯಾಗಿನೊಳಗೆ ಸುಮ್ನೆ ಒತ್ತಿಹೋದರೆ ಬ್ಯಾಟರಿ ಖಾಲಿಯಾಗುವುದಷ್ಟೇ ಅಲ್ಲ, ಗಾಜಿಗೆ ತಾಗಿದ ಬಟ್ಟೆಯೂ ಸುಡಬಹುದು. ಇಷ್ಟೆಲ್ಲ ಸಹಿಸಿಕೊಳ್ಳಲು ಕಾರಣ ಬೇಕು. ಉದ್ದ ರೈಫಲ್‌ನಲ್ಲಿ ಕಾರಣ ಇದೆ. ಲೈಟ್ ಎಲ್ಲೋ ಮುಂದೆ, ಕೈ ಹಿಂದೆ. ನಡುವೆ ವೈರ್ ಬೇಕು. ಗಿಡ್ಡ ರೈಫಲ್‌ನಲ್ಲಿ ಕೈ ಹೇಗಿದ್ದರೂ ಹ್ಯಾಂಡ್‌ಗಾರ್ಡ್‌ನ (ನಳಿಕೆಯ ಸುತ್ತ ಕೈ ಹಿಡಿಯುವ ಕವಚದ) ಮುಂತುದಿಯಲ್ಲೇ ಇರುತ್ತದೆ. ಬಲಗೈಯವರು ಲೈಟನ್ನು ಎಡಪಕ್ಕದಲ್ಲಿ, ಸ್ವಲ್ಪ ಮೇಲಕ್ಕೆ ಹಾಕಿ ನೋಡಿ. ಹೆಬ್ಬೆರಳು ತಾನಾಗಿಯೇ ಬಟನ್ ಮೇಲೆ ಕೂರುತ್ತದೆ. ಮೆತ್ತಗೆ ಒತ್ತಿದರೆ ಒತ್ತಿದಷ್ಟು ಹೊತ್ತು ಬೆಳಕು, ಟಕ್ ಅನ್ನುವವರೆಗೆ ಒತ್ತಿದರೆ ಉರಿಯುತ್ತಲೇ ಇರುತ್ತದೆ. ಮೇಲೆ ಲೇಸರ್ ಡಬ್ಬಿ ಕೂರಿಸಿ ಒಂದೇ ಸ್ವಿಚ್ಚಿನಲ್ಲಿ ಎರಡನ್ನೂ ನಡೆಸುವವರಿಗೆ ಟೇಪ್ ಸ್ವಿಚ್ ನಿಜಕ್ಕೂ ಬೇಕು. ಅದಕ್ಕೇ ಅದನ್ನು ಪೂರ್ತಿ ನಿಲ್ಲಿಸಿಲ್ಲ.

ಫಿಟ್ ಮಾಡುವ ಮೊದಲು ಮ್ಯಾಗಝಿನ್ ತೆಗೆದು, ಚೇಂಬರ್ ಖಾಲಿ ಇದೆಯಾ ಎಂದು ಕಣ್ಣಿಂದ ನೋಡಿ, ಬೆರಳಿಟ್ಟೂ ನೋಡಿ. ಆಮೇಲೆ ಲೈಟಿನ ಗಾಜು ನಳಿಕೆಯ ಬಾಯಿಗಿಂತ ಒಂದೆರಡು ಬೆರಳಿನಷ್ಟು ಹಿಂದಿರಲಿ. ತೀರಾ ಹಿಂದೆ ಹೋದರೆ ನಳಿಕೆಯ ನೆರಳು ಬೆಳಕನ್ನು ತಿನ್ನುತ್ತದೆ. ತೀರಾ ಮುಂದೆ ಬಂದರೆ ಗಾಜಿಗೆ ಮಸಿ ಮೆತ್ತುತ್ತದೆ. ಕೆಳಗಡೆ ಹಾಕಬೇಡಿ, ನೆರಳು ಮೇಲಕ್ಕೆ ಬೀಳುತ್ತದೆ, ನೀವು ನೋಡಬೇಕಾದ ಕಡೆಗೇ. ಸ್ಕ್ರೂಗೆ ಕಳಚಲು ಬರುವಂಥ ನೀಲಿ ಲಾಕ್ ಅಂಟು ಒಂದು ಹನಿ ಸಾಕು. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಕ್ಲಾಂಪಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಸ್ಕ್ರೂ ಸಡಿಲವಾಗಿದೆ ಅಂತ. ಆದರೆ ಕತ್ತಲಲ್ಲಿ ಏನಾದರೂ ಹುಡುಕಲು ಕೈಯಲ್ಲಿ ಬೇರೆ ಟಾರ್ಚ್ ಇಟ್ಟುಕೊಳ್ಳಿ. ಲೈಟ್ ತಿರುಗಿದ ಕಡೆಗೆಲ್ಲ ನಳಿಕೆಯೂ ತಿರುಗುತ್ತದೆ.

ಮೊದಲೇ ತಿಳಿಸದೆ ಬದಲಾಯಿಸಿದ್ದರಿಂದ ತೊಂದರೆಯಾದವರ ಕ್ಷಮೆ ಕೇಳುತ್ತೇವೆ. ಹಳೆಯ ಸೆಟ್ ನೋಡಿ ಆರ್ಡರ್ ಕೊಟ್ಟವರಿಗೆ ಟೇಪ್ ಸ್ವಿಚ್ ಸಮೇತವೇ ಕಳಿಸುತ್ತೇವೆ, ಅದೇ ಬೆಲೆಗೆ. ಈಗಾಗಲೇ ನಿಮ್ಮ ಹತ್ತಿರ ಇರುವ ಸ್ವಿಚ್ಚುಗಳ ರಿಪೇರಿ ಎಂದಿನಂತೆ ನಮ್ಮದೇ ಜವಾಬ್ದಾರಿ. ಹೊಸ ಸೆಟ್ ತರಿಸುವವರು ಎಡಗೈಯವರಾದರೆ ಆರ್ಡರ್‌ನಲ್ಲಿ ಒಂದು ಮಾತು ಬರೆಯಿರಿ. ಕ್ಲಾಂಪನ್ನು ಆ ಪಕ್ಕಕ್ಕೇ ತಿರುಗಿಸಿ ಜೋಡಿಸಿ ಕಳಿಸುತ್ತೇವೆ.

ಇಂತಿ,
ನಿಮ್ಮ ಲೈಟುಗಳನ್ನು ಜೋಡಿಸುವವರು